ಎಂಟೆಬೆಯಿಂದ ತಗಡೂರಿಗೆ

ಹೆಮ್ಮಿಗೆಯ ಮರಿತಾಯಮ್ಮ ಹದಿನೇಳರ ವಯಸ್ಸಿಗೆ ತಿ. ನರಸೀಪುರದ ರೇಷ್ಮೆ ನೂಲಿನ ಕಾರ್ಖಾನೆ ಸೇರಿದಳು. ಬೆಳಗಿನ ಬಸ್ಸಿಗೆ ಹೋಗುವುದು, ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಬೆಂದ ಗೂಡುಗಳಿಂದ ಎಳೆ ಹಿಡಿದು ಎಂಟೆಂಟನ್ನು ಒಂದು ನೂಲಾಗಿ ಸೇರಿಸುವುದು, ಸಂಜೆ ಬಸ್ಸಿಗೆ ವಾಪಸ್ ಬರುವುದು. ಇಪ್ಪತ್ತೆರಡು ವರ್ಷ ಹೀಗೇ ಕಳೆಯಿತು. ಸತ್ತ ಹುಳುವಿನ ವಾಸನೆ ಸೋಪು ಹಾಕಿ ಎಷ್ಟು ಉಜ್ಜಿದರೂ ಮೈಯಿಂದ ಹೋಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಚಿಕ್ಕಮಾದು ಮೂಗು ಮುಚ್ಚಿಕೊಳ್ಳುತ್ತಿದ್ದ. ಆಮೇಲೆ ಅವನಿಗೆ ಅದೇ ಮನೆಯ ವಾಸನೆಯಾಗಿಹೋಯಿತು.

ಚಿಕ್ಕಮಾದು ಗಾರೆ ಕೆಲಸದವನು. ಮಾತು ಕಡಿಮೆ. ಇದ್ದ ಒಬ್ಬಳೇ ಮಗಳು ಕವನಳ ಹತ್ತಿರ ಮಾತ್ರ ಬಾಯಿ ಬಿಚ್ಚುತ್ತಿದ್ದ. ಅವಳನ್ನು ಹತ್ತನೇ ತರಗತಿವರೆಗೆ ಓದಿಸಿ, ನಂಜನಗೂಡು ತಾಲ್ಲೂಕಿನ ತಗಡೂರಿಗೆ ಕೊಟ್ಟಿದ್ದರು. ಅಳಿಯ ಸಿದ್ಧಾರ್ಥ ಹೈಸ್ಕೂಲಿನಲ್ಲಿ ಅಟೆಂಡರ್, ಒಳ್ಳೆಯ ಹುಡುಗ. ಅತ್ತೆ ಮನೆಗೆ ಬಂದರೆ ಮಾವನ ಜೊತೆ ಜಗಲಿಯ ಮೇಲೆ ಸುಮ್ಮನೆ ಕೂತಿರುವಷ್ಟು ತಾಳ್ಮೆಯವನು.

ತೊಂಬತ್ತೆಂಟನೇ ಇಸವಿಯ ಕೊನೆಗೆ ಮೈಸೂರಿನಿಂದ ಅಮೃತೇಶ್ ಎಂಬ ರೇಷ್ಮೆ ಅಧಿಕಾರಿಯೊಬ್ಬರು ಕಾರ್ಖಾನೆಗೆ ಬಂದರು. ಆಫ್ರಿಕಾದ ಉಗಾಂಡಾ ದೇಶದಲ್ಲಿ ಹೊಸದಾಗಿ ರೇಷ್ಮೆ ಬೆಳೆಯುತ್ತಿದ್ದಾರೆ, ಅಲ್ಲಿನ ಹೆಂಗಸರಿಗೆ ನೂಲು ಬಿಚ್ಚುವುದನ್ನು ಕಲಿಸಲು ಕೈ ಪಳಗಿದವರೊಬ್ಬರು ಬೇಕು, ಮೂರು ತಿಂಗಳ ಕೆಲಸ ಎಂದರು. ಸಾಲಾಗಿ ಕೂತ ಹೆಂಗಸರ ನಡುವೆ ಮುಕ್ಕಾಲು ಗಂಟೆ ಓಡಾಡಿ ಮರಿತಾಯಮ್ಮನ ಹಿಂದೆ ಬಂದು ನಿಂತರು. ಅವಳು ತೊಟ್ಟಿಯೊಳಗೆ ನೋಡುತ್ತಲೇ ಇರಲಿಲ್ಲ. ಪಕ್ಕದವಳ ಜೊತೆ ಮಾತಾಡುತ್ತ, ಕಡಿದ ಎಳೆಯನ್ನು ಬೆರಳಲ್ಲೇ ಹುಡುಕಿ ಸೇರಿಸುತ್ತಿದ್ದಳು.

"ಅಮ್ಮ, ವಿಮಾನದಲ್ಲಿ ಹೋಗ್ತೀರಾ?" ಎಂದು ಕೇಳಿದರು.

ಅವಳಿಗೆ ನಗು ಬಂತು. "ಬೆಂಗಳೂರ್‌ನೇ ಎಲ್ಡು ಸಲ ನೋಡಿವ್ನಿ ಸಾ," ಎಂದಳು.

ಮನೆಯಲ್ಲಿ ಚಿಕ್ಕಮಾದು ಎರಡು ದಿನ ಹೂಂ ಉಹೂಂ ಏನೂ ಅನ್ನಲಿಲ್ಲ. ಅಧಿಕಾರಿಯೂ ಅವರ ಹೆಂಡತಿಯೂ ಅಲ್ಲೇ ಇರುತ್ತಾರೆ, ಅವರ ಮನೆಯಲ್ಲೇ ವಾಸ ಎಂದು ಗೊತ್ತಾದ ಮೇಲೂ ಅವನ ಹುಬ್ಬು ಸಡಿಲಲಿಲ್ಲ. ಕವನ ಆಗ ನಾಲ್ಕು ತಿಂಗಳ ಬಸುರಿ. ಸುದ್ದಿ ಕೇಳಿ ತಗಡೂರಿನಿಂದ ಓಡಿ ಬಂದಳು.

"ಓಗವ್ವ. ನಮ್ಮ ಕೇರೀಲಿ ಯಾರಾದ್ರೂ ಇಮಾನ ಅತ್ತವ್ರಾ? ನಂಗೆ ಒಂಬತ್ತು ತುಂಬೋದ್ರೊಳಗೆ ಬಂದ್ಬುಡ್ತೀಯಲ್ಲ."

"ಬಸುರಿ ಮಗ್ಳ ಬುಟ್ಟು ಓದ್ಲು ಅಂತಾರೆ ಕಣಮ್ಮಿ."

"ಅನ್ನೋರು ಅಂದ್ಕಳ್ಳಿ. ಮುತ್ತತ್ತೆ ಇದ್ದದಲ್ಲ, ಅದು ನೋಡ್ಕತ್ತದೆ. ಅಪ್ಪ, ನೀನಾದ್ರೂ ಏಳು ಅವ್ವಂಗೆ."

ಚಿಕ್ಕಮಾದುವಿನ ಅಕ್ಕ ಮುತ್ತಮ್ಮ ಅದೇ ಬೀದಿಯವಳು. ಹತ್ತಾರು ಬಾಣಂತನ ಮಾಡಿ ಪಳಗಿದ ಕೈ. ಮಗಳ ಮಾತಿಗೆ ಎದುರಾಡಲು ಚಿಕ್ಕಮಾದುವಿಗೆ ಎಂದೂ ಬರುತ್ತಿರಲಿಲ್ಲ. "ಓಗ್ಬುಟ್ಟು ಬಾ," ಎಂದ. ಜನವರಿಯ ಸಂಕ್ರಾಂತಿ ಮುಗಿದ ಮೇಲೆ ಮರಿತಾಯಮ್ಮ ಹೊರಟಳು.

ಬೆಂಗಳೂರಿನಿಂದ ಮುಂಬೈ, ಅಲ್ಲಿಂದ ನೈರೋಬಿ, ಅಲ್ಲಿಂದ ಉಗಾಂಡಾದ ವಿಮಾನ ನಿಲ್ದಾಣ ಎಂಟೆಬೆ. ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ಅವಳಿಗೆ ಅಮೃತೇಶ್ ದಂಪತಿಯ ಹಿಂದೆ ಸೆರಗು ಬಿಗಿ ಹಿಡಿದು ನಡೆದದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ರಾಜಧಾನಿ ಕಂಪಾಲಾದಿಂದ ಒಳಗೆ, ಕೆಂಪು ಮಣ್ಣಿನ, ಬಾಳೆತೋಟಗಳ ಊರಿನಲ್ಲಿ ತಗಡಿನ ಶೆಡ್ಡು. ಅಲ್ಲಿ ಎಂಟು ತೊಟ್ಟಿ, ಎಂಟು ಜನ ಹೆಂಗಸರು. ಮಾತು ಇವಳಿಗೆ ಅವರದು ಬಾರದು, ಅವರಿಗೆ ಇವಳದು ಬಾರದು. ಕೈ ಹಿಡಿದೇ ಕಲಿಸಿದಳು. ಎಳೆ ಕಡಿದಾಗ ಅಭ್ಯಾಸದಂತೆ "ಎಳೆ ಓಯ್ತು" ಎನ್ನುತ್ತಿದ್ದಳು. ವಾರದೊಳಗೆ ಎಂಟು ಜನವೂ "ಎಳೆ ಓಯ್ತು" ಎನ್ನತೊಡಗಿದರು. ಅವರಲ್ಲಿ ನಮುತೇಬಿ ಎಂಬ ದಪ್ಪನೆಯ ಹೆಂಗಸು ಇವಳಷ್ಟೇ ವಯಸ್ಸಿನವಳು. ದಿನಾ ಬೇಯಿಸಿದ ಬಾಳೆಕಾಯಿ ತಂದು ಇವಳ ಪಕ್ಕ ಕೂರುತ್ತಿದ್ದಳು. ಮರಿತಾಯಮ್ಮ ತನ್ನ ಹೊಟ್ಟೆಯ ಮುಂದೆ ಕೈಯಲ್ಲಿ ದುಂಡಗೆ ತೋರಿಸಿ, ಆಮೇಲೆ ದೂರಕ್ಕೆ ಕೈ ಚಾಚಿ, ಮಗಳು ಬಸುರಿ ಎಂದು ತಿಳಿಸಿದ್ದಳು. ಅಂದಿನಿಂದ ನಮುತೇಬಿ ಬೆಳಿಗ್ಗೆ ಬಂದ ಕೂಡಲೆ ಹೊಟ್ಟೆಯ ಮುಂದೆ ಕೈ ದುಂಡಗೆ ಮಾಡಿ, ಹೇಗಿದ್ದಾಳೆ ಎಂಬಂತೆ ಹುಬ್ಬು ಹಾರಿಸುವಳು.

ಒಂದು ದಿನ ಆಫೀಸಿನ ಗೋಡೆಯ ಭೂಪಟದ ಮುಂದೆ ನಿಂತು, ನಮ್ಮೂರು ಇಲ್ಲಿಂದ ಎಷ್ಟು ದೂರ ಸಾ ಎಂದು ಮರಿತಾಯಮ್ಮ ಕೇಳಿದಳು. ಅಮೃತೇಶ್ ಒಂದೆಳೆ ನೂಲು ತೆಗೆದುಕೊಂಡು ಎಂಟೆಬೆಯಿಂದ ಬೆಂಗಳೂರಿಗೆ ಸಮುದ್ರದ ಮೇಲೆ ಎಳೆದು, ಸ್ಕೇಲಿನಲ್ಲಿ ಅಳೆದರು. "ಐದು ಸಾವಿರದ ಇನ್ನೂರು ಕಿಲೋಮೀಟರ್. ನೆಟ್ಟಗೆ ಹಾರಿದ್ರೆ ಆರೂವರೆ ಗಂಟೆ ಮರಿತಾಯಮ್ಮ. ಆದ್ರೆ ನೆಟ್ಟಗೆ ಹಾರೋ ವಿಮಾನ ಇಲ್ಲವಲ್ಲ," ಎಂದು ನಕ್ಕರು. ಅವಳೂ ನಕ್ಕಳು.

ಮಾರ್ಚ್ ಕೊನೆಯ ವಾರ. ಅವಳು ವಾಪಸ್ ಹೊರಡಲು ಇನ್ನು ಹದಿನೈದು ದಿನ ಬಾಕಿ. ಮಂಗಳವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಮೃತೇಶ್ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತರು. ಒಳಗೆ ಬರಲಿಲ್ಲ.

"ಮರಿತಾಯಮ್ಮ, ಊರಿಂದ ಫೋನ್ ಬಂದಿತ್ತು. ಕವನಂಗೆ ಹುಷಾರಿಲ್ಲ. ಆಸ್ಪತ್ರೆಗೆ ಸೇರಿಸಿದ್ದಾರೆ, ಸ್ವಲ್ಪ ಸೀರಿಯಸ್. ನೀವು ಹೊರಡೋದು ಒಳ್ಳೇದು."

"ಏನಾಯ್ತು ಸಾ?"

"ಫಿಟ್ಸ್ ಬಂತಂತೆ. ಮಗು ಚೆನ್ನಾಗಿದೆ, ಹೆಣ್ಣು ಮಗು."

ಮಗು ಚೆನ್ನಾಗಿದೆ ಎಂದರು. ಮಗಳ ಬಗ್ಗೆ ಹಾಗೆ ಅನ್ನಲಿಲ್ಲ. ಮರಿತಾಯಮ್ಮ ತೊಟ್ಟಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಅವರು ಟಿಕೆಟ್ಟಿನ ವ್ಯವಸ್ಥೆಗೆಂದು ಕಂಪಾಲಾಕ್ಕೆ ಹೊರಟುಹೋದರು. ಆಫೀಸಿನ ಗುಮಾಸ್ತ ಅಲ್ಲಿನ ಹೆಂಗಸರಿಗೆ ಅವರ ಭಾಷೆಯಲ್ಲಿ ಏನೋ ಹೇಳಿದ. ಶೆಡ್ಡಿನಲ್ಲಿ ಚರಕಗಳು ಒಂದೊಂದಾಗಿ ನಿಂತವು. ನಮುತೇಬಿ ಎದ್ದು ಬಂದು ನೆಲದ ಮೇಲೆ ಚಾಪೆ ಹಾಸಿ, ಮರಿತಾಯಮ್ಮನನ್ನು ಕೈ ಹಿಡಿದು ಕೂರಿಸಿ, ತಾನೂ ಕೂತಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬಹಳ ಹೊತ್ತು ಏನು ಹೇಳಬೇಕೆಂದು ಹುಡುಕಿದಳು. ಅವಳಿಗೆ ಗೊತ್ತಿದ್ದ ಕನ್ನಡ ನಾಲ್ಕೈದು ಮಾತು ಅಷ್ಟೇ. ಕೊನೆಗೆ ತನ್ನ ಹೊಟ್ಟೆಯ ಮುಂದೆ ಕೈ ದುಂಡಗೆ ಮಾಡಿ, ಮೆಲ್ಲಗೆ, "ಎಳೆ ಓಯ್ತು," ಎಂದಳು.

ಮರಿತಾಯಮ್ಮನಿಗೆ ಅರ್ಥವಾಯಿತು.

ಆ ಎಂಟು ಹೆಂಗಸರು ಅವತ್ತು ಮನೆಗೆ ಹೋಗಲಿಲ್ಲ. ಅವಳ ಸುತ್ತ ಕೂತು ಅವಳು ಅತ್ತಾಗ ಅತ್ತರು, ಅವಳು ಸುಮ್ಮನಾದಾಗ ಸುಮ್ಮನಾದರು. ಅಮೃತೇಶ್ ಸಂಜೆ ಟಿಕೆಟ್ ಹಿಡಿದು ಬಂದರು. ಮುಖ ನೋಡಿಯೇ ಇವಳಿಗೆ ಗೊತ್ತಾಗಿದೆ ಎಂದು ತಿಳಿದುಕೊಂಡು ತಲೆ ತಗ್ಗಿಸಿದರು. ಅವತ್ತಿನ ವಿಮಾನ ಆಗಲೇ ಹೋಗಿತ್ತು. ಬುಧವಾರ ಬೆಳಿಗ್ಗೆ ಎಂಟೆಬೆಯಿಂದ ನೈರೋಬಿ. ಅಲ್ಲಿ ಸಂಜೆಯವರೆಗೆ ಕಾದು ಮುಂಬೈ. ಗುರುವಾರ ಬೆಳಿಗ್ಗೆ ಮುಂಬೈನಲ್ಲಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಿ ಬೆಂಗಳೂರು. ಅದಕ್ಕಿಂತ ಬೇಗನೆ ಮುಟ್ಟುವ ದಾರಿ ಇಲ್ಲ ಎಂದರು. ಹೋಗುವ ಕಡೆಗಳ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಹಾಳೆಯಲ್ಲಿ ಬರೆದು ಅವಳ ಕೈಯಲ್ಲಿಟ್ಟರು. ಅವಳು ಮೊಮ್ಮಗುವಿಗೆಂದು ಮೊದಲೇ ಕೊಂಡಿಟ್ಟಿದ್ದ ಹಳದಿ ಅಂಗಿಗಳನ್ನು ಅಮೃತೇಶರ ಹೆಂಡತಿ ಒಂದು ಚೀಲಕ್ಕೆ ಹಾಕಿದರು. ಎಂಟೆಬೆಯವರೆಗೂ ನಮುತೇಬಿ ಜೊತೆಗೆ ಬಂದಳು.

ನೈರೋಬಿಯ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಮರಿತಾಯಮ್ಮ ಒಂಬತ್ತು ಗಂಟೆ ಒಬ್ಬಳೇ ಕೂತಳು. ಕಕ್ಕಸಿಗೆ ಎದ್ದು ಹೋದರೆ ಎಲ್ಲಿ ವಿಮಾನ ಹೊರಟುಹೋಗುವುದೋ ಎಂದು ನೀರು ಕೂಡ ಕುಡಿಯಲಿಲ್ಲ. ಗಾಜಿನಾಚೆ ವಿಮಾನಗಳು ಒಂದಾದ ಮೇಲೊಂದು ಏಳುತ್ತಿದ್ದವು. ಸಮವಸ್ತ್ರ ಹಾಕಿದವರು ಯಾರೇ ಹತ್ತಿರ ಬಂದರೂ ಹಾಳೆ ತೋರಿಸುವಳು. ಅವರು ಕೈಗಡಿಯಾರ ತೋರಿಸಿ, ಇನ್ನೂ ಇದೆ ಎಂದು ಸನ್ನೆ ಮಾಡಿ ಹೋಗುವರು. ಮಗಳನ್ನು ಈಗ ಯಾರು ಮೀಯಿಸುತ್ತಿರಬಹುದು, ತಲೆ ಯಾರು ಬಾಚುತ್ತಿರಬಹುದು ಎಂದೇ ಅವಳ ಯೋಚನೆ. ಕವನಳ ಕೂದಲು ಗುಂಗುರು. ಸಿಕ್ಕು ಬಿಡಿಸುವುದು ತನಗೆ ಬಿಟ್ಟರೆ ಇನ್ಯಾರಿಗೂ ಬರುತ್ತಿರಲಿಲ್ಲ. ತನಗಾಗಿ ಕಾಯುತ್ತಾರೆ ಎಂಬುದರಲ್ಲಿ ಮಾತ್ರ ಅವಳಿಗೆ ಅನುಮಾನವಿರಲಿಲ್ಲ.

ಗುರುವಾರ ಸಂಜೆ ಐದರ ಹೊತ್ತಿಗೆ ನಂಜನಗೂಡಿನ ಬಸ್ಸು ಅವಳನ್ನು ತಗಡೂರಿನಲ್ಲಿ ಇಳಿಸಿತು. ಅಳಿಯನ ಮನೆಯ ಮುಂದೆ ಶಾಮಿಯಾನ ಇರಲಿಲ್ಲ, ಜನವಿರಲಿಲ್ಲ. ಅಂಗಳ ತೊಳೆದು ಒಣಗಿತ್ತು. ಚಿಕ್ಕಮಾದು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಅವಳನ್ನು ನೋಡಿದ.

"ಬಂದ್ಯಾ," ಎಂದ.

"ನನ್ ಮಗಳೆಲ್ಲಿ?"

ಅವನು ಊರ ಹೊರಗಿನ ದಿಕ್ಕಿಗೆ ನೋಡಿದ. ಒಳಗಿಂದ ಸಿದ್ಧಾರ್ಥ ಬಂದು ಅತ್ತೆಯ ಕೈ ಹಿಡಿದುಕೊಂಡ. "ನೆನ್ನೆ ಸಾಯಂಕಾಲ ಮಣ್ಣು ಮಾಡಿದ್ವಿ ಅತ್ತೆ. ಇಡೋಕಾಗ್ಲಿಲ್ಲ," ಎಂದು ಬಿಕ್ಕಿದ.

ಮಂಗಳವಾರ ಮಧ್ಯಾಹ್ನ ಮೈಸೂರಿನ ಆಸ್ಪತ್ರೆಯಿಂದ ಕವನಳನ್ನು ತಂದಿದ್ದರು. ಬೇಸಿಗೆಯ ಧಗೆ. ನಂಜನಗೂಡಿನಿಂದ ಐಸಿನ ದಿಮ್ಮಿ ತರಿಸಿ, ಹೊಟ್ಟು ಸುರಿದು, ಬುಧವಾರ ಸಂಜೆಯವರೆಗೆ ಕಾದಿದ್ದರು. ಸಿದ್ಧಾರ್ಥನ ಅಣ್ಣ ಜಗನ್ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿ, ಮಂಗಳವಾರ ಸಂಜೆಯಿಂದ ಬುಧವಾರ ಬೆಳಿಗ್ಗೆಯವರೆಗೆ ಬಾಗಿಲಲ್ಲಿ ನಿಂತು, ಕೊನೆಗೆ ವಿಚಾರಿಸಿದ್ದ. ಆ ಊರಿನಿಂದ ಇಲ್ಲಿಗೆ ವಿಮಾನವೇ ಬರುವುದಿಲ್ಲ ಎಂದು ಕೌಂಟರಿನವರು ಹೇಳಿದ್ದರು. ಅವಳು ಹೊರಟೇ ಇಲ್ಲವೆಂದುಕೊಂಡು ಅವನು ಬರಿಗೈಯಲ್ಲಿ ವಾಪಸಾದ ಮೇಲೆ ಹಿರಿಯರು ಚಿಕ್ಕಮಾದುವಿನ ಮುಖ ನೋಡಿದರು. ಚಿಕ್ಕಮಾದು, "ಎತ್ತಿ," ಎಂದಿದ್ದ.

ಇದನ್ನೆಲ್ಲ ಅವಳಿಗೆ ಹೇಳಿದವರು ಬಂಧುಗಳಲ್ಲಿ ಒಬ್ಬೊಬ್ಬರು, ಒಂದೊಂದು ತುಂಡಾಗಿ. ಹೇಳುವಾಗಲೆಲ್ಲ ಒಂದು ಮಾತು ಸೇರಿಸುತ್ತಿದ್ದರು. "ಆರೂವರೆ ಗಂಟೆ ಪಯಣ ಅಂದಿದ್ರಂತೆ ಪೋನಲ್ಲಿ. ನೀನು ಮೂರ್ ದಿನಕ್ಕೆ ಬಂದೀಯಲ್ಲವ್ವ."

"ಓಗೋವಾಗ್ಲೂ ಎಲ್ಡು ದಿನ ಇಡೀತು," ಎಂದಳು ಮರಿತಾಯಮ್ಮ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳ ಚೀಲದಿಂದ ಹಳದಿ ಅಂಗಿಯ ತುದಿ ಹೊರಗೆ ಇಣುಕುತ್ತಿತ್ತು. ಚಲುವಮ್ಮ ಎಂಬ ನೆಂಟಳೊಬ್ಬಳು ಅದನ್ನು ನೋಡಿ ಪಕ್ಕದವಳಿಗೆ, "ಅಂಗಡಿ ಬೀದಿ ಮುಗಿಸ್ಕಂಡು ಬಂದವ್ಳೆ," ಎಂದಳು. ಮೆಲ್ಲಗೆ ಹೇಳಿದ್ದರೂ ಎಲ್ಲರಿಗೂ ಕೇಳಿಸಿತು. ಚಿಕ್ಕಮಾದುವಿಗೂ ಕೇಳಿಸಿತು. ಅವನು ಅದಲ್ಲ ಎನ್ನಲಿಲ್ಲ.

ಮಣ್ಣಿನ ದಿಬ್ಬ ಇನ್ನೂ ಹಸಿಯಾಗಿತ್ತು. ಮರಿತಾಯಮ್ಮ ಅದರ ಮೇಲೆ ಬೋರಲು ಬಿದ್ದಳು. ಎಬ್ಬಿಸಲು ಮುತ್ತಮ್ಮನೇ ಬರಬೇಕಾಯಿತು.

ಮಗು ಒಂದು ತಿಂಗಳ ಕಾಲ ಮೈಸೂರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಸಿದ್ಧಾರ್ಥ ಅದಕ್ಕೆ ಸಂಘಮಿತ್ರಾ ಎಂದು ಹೆಸರಿಟ್ಟು, ತಂದು ಅತ್ತೆಯ ಮಡಿಲಿಗೆ ಹಾಕಿದ. "ನೀವೇ ಸಾಕ್ಕೊಡಿ ಅತ್ತೆ," ಎಂದ. ಅವನೊಬ್ಬ ಅವಳನ್ನು ಏನೂ ಕೇಳಲಿಲ್ಲ. ಮರಿತಾಯಮ್ಮ ಕಾರ್ಖಾನೆಗೆ ಹೋಗಿ ಬರುವಷ್ಟು ಹೊತ್ತು ಮುತ್ತಮ್ಮ ಮಗುವನ್ನು ನೋಡಿಕೊಳ್ಳುವಳು. ಹೆರಿಗೆಗೆ ಬಂದು ತನ್ನ ಕೈಯಲ್ಲಿದ್ದಾಗ ಹುಡುಗಿ ಹೋಯಿತು ಎಂಬ ಸಂಕಟ ಮುತ್ತಮ್ಮನದು. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಚಿಕ್ಕಮಾದು ಮಾತ್ರ ಪೂರಾ ಮೌನಿಯಾದ. ಉಣ್ಣಲು ಬಾ ಎಂದರೆ ಬರುವನು, ಅಕ್ಕಿ ಮುಗಿದಿದೆ ಎಂದರೆ ತರುವನು. ಮಗುವನ್ನು ಹೆಗಲಮೇಲೆ ಹೊತ್ತು ಹೊಳೆಯ ಕಡೆ ಹೋಗುವನು. ಹೆಂಡತಿಯನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಬೈದಿದ್ದರೆ ಅವಳು ಬೈದು ಉತ್ತರ ಕೊಡುತ್ತಿದ್ದಳು, ಹೊಡೆದಿದ್ದರೆ ಅತ್ತು ಹಗುರಾಗುತ್ತಿದ್ದಳು. ಮಗಳನ್ನು ಹೇಗೆ ಕಳಿಸಿಕೊಟ್ಟಿರಿ, ಕೊನೆಗೆ ಅವಳ ಮುಖ ಹೇಗಿತ್ತು ಎಂದು ಕೇಳಬೇಕೆಂದು ನೂರು ಸಲ ಬಾಯಿ ತನಕ ಬಂದಿತ್ತು. ಕೇಳುವ ಹಕ್ಕು ತನಗಿಲ್ಲ ಎಂದು ಅವನ ಬೆನ್ನು ಹೇಳುತ್ತಿತ್ತು. ಎರಡು ವರ್ಷ ಹೀಗೆ ನಡೆಯಿತು.

ಎರಡು ಸಾವಿರದ ಒಂದರ ಆಗಸ್ಟ್‌ನಲ್ಲಿ ಅಮೃತೇಶ್ ಹೆಮ್ಮಿಗೆಗೆ ಬಂದರು. ಉಗಾಂಡಾದ ಕೆಲಸ ಮುಗಿಸಿ ಊರಿಗೆ ಬಂದು ವಾರವಾಗಿತ್ತಷ್ಟೆ. ಭಾನುವಾರ, ಚಿಕ್ಕಮಾದು ಮನೆಯಲ್ಲೇ ಇದ್ದ. ಅಮೃತೇಶ್ ಮಗುವಿನ ತಲೆ ಸವರಿ, ಕಾಫಿ ಕುಡಿಯುತ್ತ, ನಮುತೇಬಿ ಈಗ ಅಲ್ಲಿನವರಿಗೆ ತಾನೇ ಕಲಿಸುತ್ತಿದ್ದಾಳೆ ಎಂದರು. ಆಮೇಲೆ ಚಿಕ್ಕಮಾದುವಿನ ಕಡೆ ತಿರುಗಿ, "ಕೊನೇಲಿ ಮಗಳ ಮುಖ ನೋಡೋಕಾದ್ರೂ ಸಿಕ್ತಲ್ಲ ಇವ್ರಿಗೆ," ಎಂದರು.

"ಎಲ್ ಸಿಕ್ತು ಸಾ," ಎಂದ ಚಿಕ್ಕಮಾದು. "ಆರೂವರೆ ಗಂಟೆ ದಾರಿಗೆ ಮೂರ್ ದಿನ ಮಾಡುದ್ಲು."

ಅಮೃತೇಶರ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಲೋಟ ಕೆಳಗಿಟ್ಟು, "ಆ ಆರೂವರೆ ಗಂಟೆ ಅಂದಿದ್ದು ನಾನು," ಎಂದರು. "ನಿಮ್ಮ ಅಳಿಯ ಫೋನಲ್ಲಿ ಅಳ್ತಾ ಇದ್ರು. ಎಷ್ಟು ದೂರ ಸಾರ್, ಎಷ್ಟೊತ್ತಾಗುತ್ತೆ, ಇಟ್ಕೊಂಡು ಕಾಯ್ತೀವಿ ಅಂದ್ರು. ಐದು ಸಾವಿರ ಕಿಲೋಮೀಟರ್, ವಿಮಾನದಲ್ಲಿ ಆರೂವರೆ ಗಂಟೆ, ಇವತ್ತೇ ಕಳಿಸ್ತೀನಿ ಅಂದೆ. ನೆಟ್ಟಗೆ ಬರೋ ವಿಮಾನ ಇಲ್ಲ ಅಂತ ನಂಗೆ ಗೊತ್ತಿತ್ತು. ಎರಡೂವರೆ ದಿನ ಅನ್ನೋಕೆ ಬಾಯಿ ಬರ್ಲಿಲ್ಲ. ಸಮಾಧಾನಕ್ಕೆ ಅಂತ ಹೇಳಿಬಿಟ್ಟೆ. ಸಂಜೆ ತಿರುಗಿ ಫೋನ್ ಮಾಡಿ ಸರಿಯಾಗಿ ಹೇಳೋಣ ಅಂತಿದ್ದೆ. ಒಂದು ಸಲ ಮಾಡಿದೆ, ಲೈನ್ ಸಿಗಲಿಲ್ಲ. ಆಮೇಲೆ ಮಾಡಲಿಲ್ಲ."

ಮಗು ಹೊಸಿಲ ಮೇಲೆ ಕೂತು ಲೋಟ ಬಡಿಯುತ್ತಿತ್ತು. ಚಿಕ್ಕಮಾದು ಹೊಳೆಯಾಚೆಗೆ ಕಾಣುವ ಮುಡುಕುತೊರೆಯ ಬೆಟ್ಟವನ್ನೇ ನೋಡುತ್ತಿದ್ದ. ಆ ವರ್ಷದ ಮಳೆಗೆ ಹೊಳೆ ತುಂಬಿ ದೋಣಿಯ ಓಡಾಟ ನಿಂತಿತ್ತು.

"ಅಕೋ ಬೆಟ್ಟ, ಕಣ್ಮುಂದೆ ಅದೆ," ಎಂದ ಕೊನೆಗೆ. "ಒಳೆ ತುಂಬುದ್ರೆ ನರಸೀಪುರ ಸುತ್ಕಂಡು ಓಗ್ಬೇಕು. ಅಂಗಾ ಸಾ?"

"ಹಾಗೇ ಚಿಕ್ಕಮಾದು. ಇವರು ಒಂದು ಗಂಟೆ ಕೂಡ ತಡ ಮಾಡಲಿಲ್ಲ. ಸಿಕ್ಕಿದ ಮೊದಲನೇ ವಿಮಾನಕ್ಕೇ ಹತ್ತಿಸಿದ್ದು. ತಪ್ಪು ನಂದು."

ಅಮೃತೇಶ್ ಹೋದ ಮೇಲೆ ಚಿಕ್ಕಮಾದು ಜಗಲಿಯಿಂದ ಏಳಲಿಲ್ಲ. ಮರಿತಾಯಮ್ಮ ಮಗುವಿಗೆ ಅನ್ನ ಕಲಸಿ ತಿನ್ನಿಸಿ ಬಂದು ಅವನ ಪಕ್ಕ ಕೂತಳು. ಅಧಿಕಾರಿಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವರ ಮುಖದಲ್ಲಿ ನಮುತೇಬಿಯ ಅಳುವನ್ನೇ ಕಂಡಿದ್ದಳು. ಎರಡು ವರ್ಷದ ಮೇಲೆ ಗಂಡ ಅವಳ ಕಡೆ ತಿರುಗಿದ.

"ಎತ್ತಿ ಅಂದೋನು ನಾನು ಕಣಾ," ಎಂದ. "ಇನ್ನೊಂದು ದಿನ ಕಾದಿದ್ರೆ ನೀ ಬತ್ತಿದ್ದೆ. ನೀನೇ ಬೇಕಂತ ಬರ್ನಿಲ್ಲ ಅಂತ ಅಂದ್ಕಂಡ್ರೆ ನಂಗೆ ಬದುಕೋಕಾಯ್ತಿತ್ತು."

ಮರಿತಾಯಮ್ಮ, "ಮೊಗಾ ಕೆಟ್ಟಿತ್ತಾ?" ಎಂದು ಕೇಳಿದಳು.

"ಕೆಡೋಕ್ ಸುರುವಾಗಿತ್ತು. ಅದ್ಕೇ ಅಂದೆ. ನೀ ಅಂಗೆ ನೋಡ್ಬಾರ್ದು ಅಂತ."

ಮುಂದಿನ ಅಮಾವಾಸ್ಯೆಗೆ ಇಬ್ಬರೂ ಮೊದಲ ಸಲ ಒಟ್ಟಿಗೆ ತಗಡೂರಿಗೆ ಹೋದರು. ಅದುವರೆಗೆ ಅವನೊಂದು ದಿನ, ಅವಳೊಂದು ದಿನ ಹೋಗಿ ಬರುತ್ತಿದ್ದರು. ದಿಬ್ಬ ತಗ್ಗಿ ಹುಲ್ಲು ಬೆಳೆದಿತ್ತು. ಚಿಕ್ಕಮಾದು ಕೈಯಲ್ಲೇ ಹುಲ್ಲು ಕಿತ್ತು ಜಾಗ ಮಾಡಿದ. ಮರಿತಾಯಮ್ಮ ಊದುಬತ್ತಿ ಹಚ್ಚಿ, ಕೂತು, ಎದುರಿಗಿದ್ದ ಅವನಿಗೆ, "ಅವಳ್ನ ಎಂಗ್ ಕಳಿಸ್ಕೊಟ್ರಿ, ಏಳು," ಎಂದಳು.

ಅವನು ಹೇಳಿದ. ಮಾತು ಬಾರದವನು ಒಂದೊಂದಾಗಿ ಹೇಳಿದ. ಮದುವೆಯಲ್ಲಿ ಉಡಿಸಿದ್ದ ಕೆಂಪು ಸೀರೆಯನ್ನೇ ಉಡಿಸಿದ್ದರು. ಮೀಯಿಸಿದ್ದು ಮುತ್ತಮ್ಮ. ತಲೆ ಸಿಕ್ಕಾಗಿತ್ತು, ಯಾರ ಕೈಯಲ್ಲೂ ಬಾಚಲಾಗಲಿಲ್ಲ. ಸಿದ್ಧಾರ್ಥ ಹರಳೆಣ್ಣೆ ಹಚ್ಚಿ, ಬೆರಳಲ್ಲೇ ಒಂದು ಗಂಟೆ ಕೂತು ಬಿಡಿಸಿದ. ಎಡಗೆನ್ನೆಯ ಮೇಲೆ ಒಂದು ಸಣ್ಣ ಗಾಯವಿತ್ತು, ಫಿಟ್ಸ್ ಬಂದಾಗ ಮಂಚಕ್ಕೆ ತಗುಲಿದ್ದು. ಬೇರೆಲ್ಲೂ ಗಾಯವಿರಲಿಲ್ಲ.

"ಬಳೆ?"

"ಇದ್ದೋ. ಅಸುರು ಬಳೆ, ಕೈ ತುಂಬಾ."

ಮರಿತಾಯಮ್ಮ ಕೇಳುತ್ತಲೇ ಹೋದಳು. ಮೂಗುಬೊಟ್ಟು ತೆಗೆದರೇ, ಬಾಯಿಗೆ ನೀರು ಬಿಟ್ಟವರು ಯಾರು, ಮಣ್ಣು ಹಾಕುವಾಗ ತಲೆ ಯಾವ ದಿಕ್ಕಿಗಿತ್ತು. ಅವನು ನೆನಪಿದ್ದಷ್ಟಕ್ಕೂ ಉತ್ತರ ಕೊಟ್ಟ. ನೆನಪಿಲ್ಲದ್ದನ್ನು ಗೊತ್ತಿಲ್ಲ ಎಂದ. ಕಣ್ಣು ಮುಚ್ಚಿತ್ತಾ ಎಂದು ಕೇಳಿದಾಗ ಮಾತ್ರ ತಲೆ ತಗ್ಗಿಸಿ ಬಹಳ ಹೊತ್ತು ಹುಲ್ಲು ಕೀಳುತ್ತ ಕೂತ. ಅವಳು ಮತ್ತೆ ಕೇಳಲಿಲ್ಲ. ಎದ್ದು ಅವನ ಕೈಯ ಮಣ್ಣನ್ನು ಸೆರಗಿನಿಂದ ಒರೆಸಿದಳು. ನಂಜನಗೂಡಿನ ಬಸ್ಸು ಬರುವವರೆಗೆ ಇಬ್ಬರೂ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು.